ನೆನ್ನೆಗಂಟ ಬತ್ತಿತ್ತು ಸಾ

ಕೊಳ್ಳೇಗಾಲದಲ್ಲಾಗಲಿ, ಹನೂರಿನಲ್ಲಾಗಲಿ, ಯಳಂದೂರಿನಲ್ಲಾಗಲಿ ತಾಲ್ಲೂಕು ಕಚೇರಿಯ ಸುತ್ತ ಒಂದು ಸುತ್ತು ಹಾಕಿದರೆ ಒಂದೇ ಅಚ್ಚಿನ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಬಾಗಿಲಲ್ಲಿ ಜೆರಾಕ್ಸ್ ಯಂತ್ರ, ಅದರ ಹಿಂದೆ ಗೋಡೆಗೊತ್ತಿ ಮೂರು ಕಂಪ್ಯೂಟರ್, ಮೂಲೆಯಲ್ಲಿ ಮಿಣಮಿಣ ಅನ್ನುವ ರೂಟರ್, ಕರೆಂಟ್ ಹೋದಾಗಲೆಲ್ಲ ಕೀಚಲು ದನಿ ತೆಗೆಯುವ ಯುಪಿಎಸ್. ಒಂದು ಕಂಪ್ಯೂಟರಿನಲ್ಲಿ ಅರ್ಜಿ ಟೈಪಾಗುತ್ತದೆ, ಇನ್ನೊಂದರಲ್ಲಿ ಪಹಣಿ ತೆಗೆಯುತ್ತಾರೆ, ಮೂರನೆಯದಕ್ಕೆ ಪ್ರಿಂಟರ್ ಕಟ್ಟಿಹಾಕಿದೆ. ಟೈಪಿಸಿದ್ದು, ಸ್ಕ್ಯಾನಿಸಿದ್ದು, ಇಳಿಸಿಕೊಂಡಿದ್ದು ಎಲ್ಲವೂ ಯಾವುದೋ ಒಂದು ಯಂತ್ರದ ಒಂದು ಫೋಲ್ಡರಿಗೆ ಬೀಳುತ್ತದೆ. ಉಳಿದ ಯಂತ್ರಗಳು ಅಲ್ಲಿಂದ ಎತ್ತಿಕೊಳ್ಳುತ್ತವೆ. ಇದಕ್ಕೆ ಅಂಗಡಿಯವರು ಇಟ್ಟ ಹೆಸರು ‘ಶೇರಿಂಗ್’. ಆ ಫೋಲ್ಡರೇ ಅಂಗಡಿಯ ಹೊಟ್ಟೆ.

ಹಳೆಯ ಯಂತ್ರವೊಂದನ್ನು ತೆಗೆದು ಹೊಸದು ತಂದ ಮಾರನೆಯ ದಿನ, ಇಲ್ಲವೇ ಇದ್ದ ಯಂತ್ರಕ್ಕೇ ರಾತ್ರಿಯೆಲ್ಲ ಅಪ್‌ಡೇಟ್ ಇಳಿದ ಬೆಳಿಗ್ಗೆ, ಆ ಹೊಟ್ಟೆಗೆ ಹೋಗುವ ದಾರಿ ಮುಚ್ಚಿರುತ್ತದೆ. ಆಗ ಈ ಸೀಮೆಯಲ್ಲಿ ಕೇಳಿಬರುವ ಮಾತು ಒಂದೇ: ‘ನೆನ್ನೆಗಂಟ ಬತ್ತಿತ್ತು ಸಾ, ಇವತ್ತು ಬತ್ತಿಲ್ಲ.’

ಈಚೆಗೆ ಈ ಮಾತು ಹೆಚ್ಚಾಗಿರುವುದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ತೀರಾ ಹಳೆಯದಾಗಿರಬಾರದು. ಮೂರೂ ಯಂತ್ರಗಳನ್ನು ಒಟ್ಟಿಗೇ ಬದಲಾಯಿಸುವ ತಾಕತ್ತು ಜೆರಾಕ್ಸ್ ಕಾಸಿನಲ್ಲಿ ಬದುಕುವ ಅಂಗಡಿಗೆ ಎಲ್ಲಿಂದ ಬರಬೇಕು? ಹಾಗಾಗಿ ಒಂದು ಹೊಸ 11, ಒಂದು ಹಳೆಯ 10, ಮೂಲೆಯಲ್ಲಿ 2020ರಲ್ಲೇ ಬೆಂಬಲ ಕಳೆದುಕೊಂಡ ವಿಂಡೋಸ್ 7. ಮೂರು ತಲೆಮಾರು ಒಂದೇ ಸೂರಿನಡಿ. ಜಗಳ ಆಗದೆ ಇರುತ್ತದೆಯೇ?

ಫೈಲು ಎಲ್ಲಿಗೂ ಹೋಗಿರುವುದಿಲ್ಲ, ಅದನ್ನು ಮೊದಲು ತಿಳಿದುಕೊಳ್ಳಬೇಕು. ಫೋಲ್ಡರ್ ಇದ್ದಲ್ಲೇ ಇದೆ, ತಂತಿ ಇದ್ದಲ್ಲೇ ಇದೆ. ಬದಲಾಗಿರುವುದು ಕಾನೂನು. ಕೊಳ್ಳೇಗಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. ಮಾರನೆಯ ದಿನ ಮನೆ, ಹೊಲ, ಬಾವಿ ಯಾವುದೂ ಒಂದು ಗೇಣೂ ಕದಲಿರಲಿಲ್ಲ. ಅರ್ಜಿ ಯಾರಿಗೆ ಕೊಡಬೇಕು ಅನ್ನುವುದು ಮಾತ್ರ ಬೇರೆಯಾಗಿತ್ತು. ಆಪರೇಟಿಂಗ್ ಸಿಸ್ಟಂ ಮೇಲ್ದರ್ಜೆಗೇರಿದಾಗ ಫೋಲ್ಡರಿನ ಪಾಡೂ ಅದೇ.

ಯಾವ ಕಾನೂನು? ವಿಂಡೋಸ್ ಯಂತ್ರಗಳು ಫೈಲು ಹಂಚಿಕೊಳ್ಳುವಾಗ ಆಡುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು. 1983ರಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ಇದನ್ನು ರೂಪಿಸಿದರು. ಆಮೇಲೆ ಮೈಕ್ರೋಸಾಫ್ಟ್ ಇದನ್ನು ತನ್ನದಾಗಿಸಿಕೊಂಡು ಬೆಳೆಸಿತು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ಸಂಶೋಧನಾ ವಿದ್ಯಾರ್ಥಿ, ವಿಂಡೋಸ್ ಅಲ್ಲದ ಯಂತ್ರಗಳಿಗೂ ಈ ಭಾಷೆ ಕಲಿಸುವ ತಂತ್ರಾಂಶ ಬರೆದರು. ಎಸ್, ಎಂ, ಬಿ ಮೂರೂ ಇರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿ ಅದಕ್ಕೆ ‘ಸಾಂಬಾ’ ಎಂದು ಹೆಸರಿಟ್ಟರು. ನಮ್ಮ ಕೆಲವು ಜೆರಾಕ್ಸ್ ಯಂತ್ರಗಳು, ಹಾರ್ಡ್ ಡಿಸ್ಕ್ ಸಿಕ್ಕಿಸುವ ಎಷ್ಟೋ ರೂಟರುಗಳು ಇವತ್ತಿಗೂ ಸಾಂಬಾದ ಕೂಸುಗಳೇ.

ಆ ಭಾಷೆಯ ಮೊದಲ ಆವೃತ್ತಿ, ಅಂದರೆ ಎಸ್‌ಎಂಬಿ ಒಂದು, ಹುಟ್ಟಿದ ಕಾಲದಲ್ಲಿ ಒಂದು ಕಟ್ಟಡದೊಳಗಿನ ಯಂತ್ರಗಳೆಲ್ಲ ಒಂದೇ ಮನೆಯವು ಎಂಬ ನಂಬಿಕೆಯಿತ್ತು. ಆ ನಂಬಿಕೆಗೆ 2017ರ ಮೇ 12ರಂದು ಬೆಂಕಿ ಬಿತ್ತು. ವಾನಾಕ್ರೈ ಎಂಬ ವೈರಸ್ ಎಸ್‌ಎಂಬಿ ಒಂದರ ಬಿರುಕಿನಲ್ಲೇ ನುಸುಳಿ, ಯಾರೂ ಏನೂ ಒತ್ತದಿದ್ದರೂ ಯಂತ್ರದಿಂದ ಯಂತ್ರಕ್ಕೆ ಹಾರಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಆ ಬಿರುಕಿಗೆ ತೇಪೆ ಅದೇ ವರ್ಷದ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. 2017ರ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಎಸ್‌ಎಂಬಿ ಒಂದನ್ನು ಹೊಸ ಯಂತ್ರಗಳಲ್ಲಿ ಹಾಕುವುದನ್ನೇ ನಿಲ್ಲಿಸಿದರು.

ನಮ್ಮ ಕಡೆಯ ರಿಪೇರಿಯವರು ಎಡವುವುದು ಇಲ್ಲೇ. ಶೇರಿಂಗ್ ಹೋಯಿತು ಅಂದ ಕೂಡಲೇ ಯೂಟ್ಯೂಬ್ ನೋಡಿ, ಕಂಟ್ರೋಲ್ ಪ್ಯಾನಲಿಗೆ ಹೋಗಿ, ಎಸ್‌ಎಂಬಿ ಒಂದಕ್ಕೆ ಟಿಕ್ ಹಾಕಿ, ಯಂತ್ರ ಆಫ್ ಮಾಡಿ ಆನ್ ಮಾಡಿ, ಇನ್ನೂರು ಮುನ್ನೂರು ಇಸ್ಕೊಂಡು ಹೋಗುತ್ತಾರೆ. ಆದರೆ ವಿಂಡೋಸ್ 7ಕ್ಕೂ ಅದು ಬೇಕಾಗಿಲ್ಲ! ವಿಂಡೋಸ್ 7 ಮಾತಾಡುವುದು ಎಸ್‌ಎಂಬಿ ಎರಡನ್ನು. ಎಸ್‌ಎಂಬಿ ಒಂದನ್ನು ಬಿಟ್ಟರೆ ಬೇರೆ ಭಾಷೆಯೇ ಬಾರದಿರುವುದು ವಿಂಡೋಸ್ ಎಕ್ಸ್‌ಪಿ ಕಾಲದ ಯಂತ್ರಗಳಿಗೆ, ಕೆಲವು ಹಳೆಯ ಜೆರಾಕ್ಸ್ ಮೆಷೀನುಗಳಿಗೆ. ರೋಗಕ್ಕೆ ಸಂಬಂಧವೇ ಇಲ್ಲದ ಮದ್ದು ಕುಡಿಸಿ, ಮೇಲೆ ಹಿಂಬಾಗಿಲನ್ನೂ ತೆಗೆದಿಟ್ಟು ಹೋದ ಹಾಗಾಯಿತು.

ನಿಜವಾದ ತಕರಾರು ಹೆಚ್ಚಿನ ಅಂಗಡಿಗಳಲ್ಲಿ ಇನ್ನೊಂದು. ಅದನ್ನು ಹೇಳಬೇಕಾದರೆ ಮಾದಪ್ಪನ ಬೆಟ್ಟದ ದಾರಿಗೆ ಬರಬೇಕು. ಶಿವರಾತ್ರಿಗೆ ಕೊಳ್ಳೇಗಾಲ, ಹನೂರಿನ ಮೇಲೆ ಜನ ಬೆಟ್ಟಕ್ಕೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅರವಟ್ಟಿಗೆ ಇಟ್ಟಿರುತ್ತಾರೆ. ನೀರು, ಮಜ್ಜಿಗೆ, ಪಾನಕ. ಕುಡಿಯುವವನ ಹೆಸರು, ಊರು ಯಾರೂ ಕೇಳುವುದಿಲ್ಲ, ಕೇಳಬಾರದು. ನಮ್ಮ ಅಂಗಡಿಗಳ ಶೇರಿಂಗನ್ನು ಹತ್ತು ಹದಿನೈದು ವರ್ಷದಿಂದ ನಡೆಸಿಕೊಂಡು ಬಂದಿರುವುದೂ ಇದೇ ರೀತಿ. ಫೋಲ್ಡರಿನ ಮೇಲೆ ‘ಎವರಿವನ್’ ಎಂದು ಕೊಟ್ಟು, ಪಾಸ್‌ವರ್ಡ್ ಕೇಳುವುದನ್ನು ಆಫ್ ಮಾಡಿದರೆ ಮುಗಿಯಿತು. ಯಾರು ಬಂದರೂ ‘ಗೆಸ್ಟ್’ ಅನ್ನುವ ಹೆಸರಿನಲ್ಲಿ ಒಳಗೆ. ಅರವಟ್ಟಿಗೆಯಲ್ಲಿರುವುದು ಮಜ್ಜಿಗೆ. ಈ ಫೋಲ್ಡರಿನಲ್ಲಿರುವುದು ತಾಲ್ಲೂಕಿನ ಅರ್ಧ ಜನರ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಅಂಗಡಿಯ ವೈಫೈ ಪಾಸ್‌ವರ್ಡ್ ಪಡೆದ ಯಾವ ಗಿರಾಕಿಯ ಮೊಬೈಲಿಗೂ ಅವು ತೆರೆದುಕೊಂಡಿದ್ದವು ಅನ್ನುವುದನ್ನು ನೆನೆದರೆ, ಹೋದ ಶೇರಿಂಗಿನ ಬಗ್ಗೆ ನನಗೆ ಅಷ್ಟೊಂದು ಕನಿಕರ ಹುಟ್ಟುವುದಿಲ್ಲ.

2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಈ ಅರವಟ್ಟಿಗೆ ಪದ್ಧತಿಯನ್ನು ಪ್ರೊ ಯಂತ್ರಗಳಲ್ಲೂ ನಿಲ್ಲಿಸಿತು; ದೊಡ್ಡ ಕಚೇರಿ, ಶಾಲೆ ಕಾಲೇಜುಗಳಿಗೆಂದೇ ಇರುವ ಆವೃತ್ತಿಗಳಲ್ಲಿ ಮೊದಲೇ ನಿಂತಿತ್ತು. ಇದರಲ್ಲೊಂದು ತಮಾಷೆ ಇದೆ. ಹಳೆಯ ಯಂತ್ರದಲ್ಲಿ ಫೋಲ್ಡರ್ ಇದೆ, ಹೊಸ ಯಂತ್ರ ಅಲ್ಲಿಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಬೇಡ ಅನ್ನುತ್ತಿರುವುದು ಮನೆಯವನಲ್ಲ. ಅವನು ಬಾಗಿಲು ತೆಗೆದುಕೊಂಡು ಬಾ ಬಾ ಅನ್ನುತ್ತಲೇ ಇದ್ದಾನೆ. ಬಂದ ನೆಂಟನೇ ಹೊಸಿಲಲ್ಲಿ ನಿಂತು ‘ನೀನು ಯಾರು ಅಂತ ಗೊತ್ತಾಗದೆ ನಾನು ಒಳಗೆ ಬರಲ್ಲ’ ಅನ್ನುತ್ತಿದ್ದಾನೆ. ಹಾಗಾಗಿ ಅಂಗಡಿಯವರು ಹಳೆಯ ಯಂತ್ರದ ಮುಂದೆ ಕೂತು ಗೆಸ್ಟನ್ನೇ ನೆಚ್ಚಿ ಎಷ್ಟು ಸೆಟ್ಟಿಂಗ್ ತಿರುಚಿದರೂ ಕೆಲಸ ಆಗುವುದಿಲ್ಲ. ನೆಂಟನ ಅನುಮಾನಕ್ಕೂ ಅರ್ಥವಿದೆ: ಇನ್ಯಾವುದೋ ಯಂತ್ರ ‘ನಾನೇ ಆ ಹಳೆಯ ಕಂಪ್ಯೂಟರ್’ ಎಂದು ನಟಿಸಿ ವಿಷ ಬೆರೆತ ಫೈಲು ಕೊಟ್ಟರೆ, ಹೆಸರು ಕೇಳದ ಲೋಕದಲ್ಲಿ ಅದನ್ನು ಹಿಡಿಯುವ ದಾರಿಯೇ ಇಲ್ಲ.

ಅದೇ ಆವೃತ್ತಿ ಇನ್ನೊಂದು ಷರತ್ತನ್ನೂ ತಂದಿತು, ಸೈನಿಂಗ್ ಅನ್ನುತ್ತಾರೆ. ಹೋಗುವ ಬರುವ ಪ್ರತಿ ತುಣುಕಿನ ಮೇಲೂ ಮೊಹರು ಬೀಳಬೇಕು, ದಾರಿಯಲ್ಲಿ ಯಾರಾದರೂ ತಿದ್ದಿದರೆ ಗೊತ್ತಾಗಬೇಕು. ದಾಖಲೆಯ ಪ್ರತಿ ಪುಟಕ್ಕೂ ಕಚೇರಿ ಸೀಲು ಒತ್ತಿಸಿಕೊಳ್ಳುವುದು ನಮಗೇನೂ ಹೊಸದಲ್ಲ. ಈ ಮೊಹರು ತಯಾರಾಗುವುದು ಪಾಸ್‌ವರ್ಡಿನಿಂದ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ, ಹಾಗಾಗಿ ಮೊಹರೂ ಇಲ್ಲ. ಎರಡು ನಿಯಮಗಳೂ ಒಂದೇ ಹಗ್ಗದ ಎರಡು ತುದಿ. ಒಂದನ್ನು ಮಾತ್ರ ಬಿಚ್ಚಿ ಇನ್ನೊಂದನ್ನು ಬಿಟ್ಟವರು ‘ಎಲ್ಲಾ ಮಾಡ್ದೆ, ಆದ್ರೂ ಬತ್ತಿಲ್ಲ’ ಎಂದು ತಲೆ ಕೆರೆದುಕೊಳ್ಳುವುದು ಇದಕ್ಕೇ.

ಹಾಗಾದರೆ ಮಾಡುವುದೇನು? ಮೊದಲು, ಕಾಣದಿರುವುದು ಬೇರೆ, ಸಿಗದಿರುವುದು ಬೇರೆ ಅನ್ನುವುದನ್ನು ಬಿಡಿಸಿಕೊಳ್ಳಬೇಕು. ‘ನೆಟ್‌ವರ್ಕ್’ ಒತ್ತಿದರೆ ಪಕ್ಕದ ಯಂತ್ರಗಳ ಹೆಸರೇ ಕಾಣದಿದ್ದರೆ ಜನ ಎದೆಗುಂದುತ್ತಾರೆ. ಆ ಪಟ್ಟಿ ತೋರಿಸುತ್ತಿದ್ದ ಹಳೆಯ ವ್ಯವಸ್ಥೆ ಎಸ್‌ಎಂಬಿ ಒಂದರ ಜೊತೆಗೇ ಹೋಯಿತು. ಈಗ ಆ ಕೆಲಸ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬ ಉದ್ದ ಹೆಸರಿನ ಸೇವೆಯದು. ಫೋಲ್ಡರ್ ಇರುವ ಯಂತ್ರದಲ್ಲಿ ಸರ್ವಿಸಸ್ ತೆರೆದು ಅದನ್ನು ಆಟೋಮ್ಯಾಟಿಕ್ ಮಾಡಿದರೆ ಹೆಸರು ಬಂದೀತು. ಬರದಿದ್ದರೂ ನಷ್ಟವಿಲ್ಲ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರಿಲ್ಲ ಅಂದರೆ ಫೋನೇ ಇಲ್ಲ ಎಂದೇನೂ ಅಲ್ಲವಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಆ ಯಂತ್ರದ ನಂಬರನ್ನೇ, ಅಂದರೆ 192.168ರಿಂದ ಶುರುವಾಗುವ ವಿಳಾಸವನ್ನು, ಟೈಪ್ ಮಾಡಿ ನೋಡಿ.

ಆಗ ಬರುವ ಉತ್ತರದಲ್ಲೇ ರೋಗ ಗೊತ್ತಾಗುತ್ತದೆ. ಬಹಳ ಹೊತ್ತು ತಿರುಗಿ ತಿರುಗಿ ಕೊನೆಗೆ 80070035 ಎಂಬ ಅಂಕಿ ಬಂದರೆ ದಾರಿಯೇ ಸಿಕ್ಕಿಲ್ಲ ಎಂದರ್ಥ. ತಂತಿ ನೋಡಿ, ರೂಟರ್ ನೋಡಿ, ಯಂತ್ರದ ನಂಬರ್ ಬದಲಾಗಿದೆಯೇ ನೋಡಿ. ಎಲ್ಲಕ್ಕಿಂತ ಮೊದಲು, ಹೊಸ ವಿಂಡೋಸ್ ನಿಮ್ಮ ಅಂಗಡಿಯ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಬರೆದುಕೊಂಡಿದೆಯೇ ನೋಡಿ. ಬರೆದುಕೊಂಡಿದ್ದರೆ ಅದು ನಿಮ್ಮ ಅಂಗಡಿಯನ್ನು ಬಸ್‌ಸ್ಟ್ಯಾಂಡಿನ ವೈಫೈ ಎಂದು ತಿಳಿದು ಕದ ಹಾಕಿಕೊಂಡು ಕೂತಿರುತ್ತದೆ, ‘ಪ್ರೈವೇಟ್’ ಮಾಡಬೇಕು. ಅದರ ಬದಲು ತಕ್ಷಣವೇ ಗೆಸ್ಟ್ ಬೇಡ, ಸೆಕ್ಯುರಿಟಿ ಪಾಲಿಸಿ ಒಪ್ಪುವುದಿಲ್ಲ ಅನ್ನುವ ಅರ್ಥದ ಇಂಗ್ಲಿಷ್ ವಾಕ್ಯ ಬಂದರೆ ಖುಷಿಪಡಿ. ದಾರಿ ಸರಿಯಿದೆ, ಹೆಸರು ಕೇಳುತ್ತಿದೆ ಅಷ್ಟೆ.

ಹೆಸರು ಕೊಡಿ. ಫೋಲ್ಡರ್ ಇರುವ ಯಂತ್ರದಲ್ಲಿ ಹೊಸದೊಂದು ಲೋಕಲ್ ಅಕೌಂಟ್ ಮಾಡಿ, ‘ಅಂಗಡಿ’ ಅಂತಲೇ ಹೆಸರಿಡಿ, ಒಂದು ಗಟ್ಟಿ ಪಾಸ್‌ವರ್ಡ್ ಕೊಡಿ. ಖಾಲಿ ಪಾಸ್‌ವರ್ಡ್ ಬೇಡವೇ ಬೇಡ. ಪಾಸ್‌ವರ್ಡಿಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡದಿರುವುದು ಎಕ್ಸ್‌ಪಿ ಕಾಲದಿಂದ ಬಂದ ಶಾಸ್ತ್ರ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಶೇರಿಂಗ್’, ‘ಸೆಕ್ಯುರಿಟಿ’ ಎಂಬ ಎರಡು ಹಾಳೆಗಳಿವೆ. ಎರಡರಲ್ಲೂ ಈ ಹೆಸರಿಗೆ ಅನುಮತಿ ಬೇಕು, ಒಂದರಲ್ಲಿ ಮರೆತರೂ ‘ಆಕ್ಸೆಸ್ ಡಿನೈಡ್’. ಆಮೇಲೆ ‘ಎವರಿವನ್’ ಅನ್ನು ಅಲ್ಲಿಂದ ಕಿತ್ತುಹಾಕಿ. ಉಳಿದ ಯಂತ್ರಗಳು ಹೆಸರು ಕೇಳಿದಾಗ ಇದನ್ನೇ ಕೊಟ್ಟು ‘ನೆನಪಿಟ್ಟುಕೋ’ ಎಂದು ಟಿಕ್ ಮಾಡಿದರೆ ಮತ್ತೆ ಕೇಳುವುದಿಲ್ಲ.

ಈ ಹೊಸ ಖಾತೆಯೇ ಯಾಕೆ, ದಿನಾ ಬಳಸುವುದು ಸಾಲದೇ ಎಂದು ಕೇಳುತ್ತಾರೆ. ಹೊಸ ವಿಂಡೋಸ್ ಶುರುವಿನಲ್ಲೇ ಮೈಕ್ರೋಸಾಫ್ಟ್ ಖಾತೆ ಕೇಳಿ, ಒಂದು ಪಿನ್ ಇಡಿಸಿಕೊಳ್ಳುತ್ತದೆ. ಅಂದಿನಿಂದ ಎಲ್ಲರೂ ನಾಲ್ಕಂಕಿಯ ಪಿನ್ ಒತ್ತಿಯೇ ಒಳಗೆ ಹೋಗುವವರು, ಅಸಲು ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ನೆಟ್‌ವರ್ಕ್ ಪಾಸ್‌ವರ್ಡ್ ಕೇಳಿದಾಗ ಆ ಪಿನ್ನನ್ನೇ ಹತ್ತು ಸಲ ಒತ್ತುತ್ತಾರೆ. ಪಿನ್ ಆ ಒಂದು ಯಂತ್ರದ್ದು, ಅದು ತಂತಿಯ ಮೇಲೆ ಪ್ರಯಾಣ ಮಾಡುವುದಿಲ್ಲ. ನಾನು ಕಂಡ ಮಟ್ಟಿಗೆ, ‘ಸರಿಯಾಗೇ ಹೊಡೀತಾ ಇವ್ನಿ ಸಾ’ ಅನ್ನುವವರಲ್ಲಿ ಹೆಚ್ಚು ಜನ ಹೊಡೆಯುತ್ತಿರುವುದು ಪಿನ್.

ಅಪರೂಪಕ್ಕೆ ಪಾಸ್‌ವರ್ಡ್ ನಿಜವಾಗಿಯೂ ಸರಿಯಿದ್ದು, ಆದರೂ ತಪ್ಪು ಅನ್ನುತ್ತದೆ. ಅಂಥಲ್ಲಿ ಯಂತ್ರ ಜೋಡಿಸಿಕೊಟ್ಟವರನ್ನು ಒಂದು ಮಾತು ಕೇಳಿ: ಒಂದೇ ಹಾರ್ಡ್ ಡಿಸ್ಕನ್ನು ಎಲ್ಲ ಯಂತ್ರಗಳಿಗೂ ನಕಲಿಳಿಸಿದ್ದೀರಾ? ಬೇಗ ಕೆಲಸ ಮುಗಿಸಲು ಇದು ಎಲ್ಲ ಊರಲ್ಲೂ ನಡೆಯುವ ಪದ್ಧತಿ. ನಕಲಿಗೆ ಮುಂಚೆ ‘ಸಿಸ್‌ಪ್ರೆಪ್’ ಎಂಬ ಶುದ್ಧಿ ಮಾಡದಿದ್ದರೆ ಎಲ್ಲ ಯಂತ್ರಗಳಿಗೂ ಒಂದೇ ಒಳಗುರುತು ಬಂದಿರುತ್ತದೆ, ಎಸ್‌ಐಡಿ ಎನ್ನುತ್ತಾರೆ. ಅದರಿಂದ ಅಪಾಯವೇನೂ ಇಲ್ಲ, ಅದೊಂದು ಮೂಢನಂಬಿಕೆ ಎಂದು 2009ರಲ್ಲಿ ಮೈಕ್ರೋಸಾಫ್ಟಿನ ಮಾರ್ಕ್ ರಸಿನೋವಿಚ್ ಅವರೇ ಬರೆದಿದ್ದರು. ಆದರೂ ಸಿಸ್‌ಪ್ರೆಪ್ ಬಿಡಬೇಡಿ ಅಂದಿದ್ದರು. ಮೊದಲರ್ಧ ಮಾತ್ರ ಜನರ ಕಿವಿಗೆ ಬಿತ್ತು. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟುಗಳು ಈ ಗುರುತನ್ನು ತಪಾಸಣೆ ಮಾಡತೊಡಗಿದವು. ಒಂದೇ ಗುರುತಿನ ಎರಡು ಯಂತ್ರ ಎದುರಾದರೆ ಮಾತುಕತೆ ಬಂದ್. ಇದಕ್ಕೆ ಸೆಟ್ಟಿಂಗಿನಲ್ಲಿ ಕಾಯಂ ಮದ್ದಿಲ್ಲ, ಆ ಯಂತ್ರಗಳಿಗೆ ಹೊಸದಾಗಿ ವಿಂಡೋಸ್ ಹಾಕಬೇಕು, ಇಲ್ಲವೇ ಸಿಸ್‌ಪ್ರೆಪ್ ಮಾಡಿದ ಪ್ರತಿಯಿಂದ ಮತ್ತೆ ಇಳಿಸಬೇಕು.

ಶೇರಿಂಗ್ ಬಂತು, ಫೈಲೂ ತೆರೆಯಿತು, ಆದರೆ ಒಳಗೆ ಕನ್ನಡದ ಬದಲು ಕೊಂಬು ಬಾಲ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. ಇದನ್ನೂ ಶೇರಿಂಗಿನ ತಲೆಗೇ ಕಟ್ಟುತ್ತಾರೆ, ಅದು ಪಾಪ ನಿರಪರಾಧಿ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟು. ಹೊಸ ಯಂತ್ರದಲ್ಲಿ ಆ ಫಾಂಟಿಲ್ಲ. ಹಾಕಿದರೆ ಸರಿಹೋಗುತ್ತದೆ. ಇನ್ನು ಮೇಲಾದರೂ ಯೂನಿಕೋಡಿನಲ್ಲಿ ಟೈಪಿಸಿದರೆ ಈ ಗೋಳಿಲ್ಲ, ಆದರೆ ವರ್ಷಗಟ್ಟಲೆ ಬೆರಳಿಗೆ ಕೂತ ಅಭ್ಯಾಸಕ್ಕೆ ಅಂಕಣಕಾರ ಹೇಳಿದರೆ ಏನು ಬಂತು.

ಇನ್ನೊಂದು ಪ್ರಶ್ನೆ ಹನೂರಿನ ಕಡೆಯವರದ್ದು. ಕೊಳ್ಳೇಗಾಲದಲ್ಲಿ ಒಂದು ಅಂಗಡಿ, ಹನೂರು ತಾಲ್ಲೂಕು ಕೇಂದ್ರವಾದ ಮೇಲೆ ಅಲ್ಲೊಂದು ಶಾಖೆ. ಇಲ್ಲಿಯ ಫೋಲ್ಡರ್ ಅಲ್ಲಿ ಯಾಕೆ ಕಾಣುವುದಿಲ್ಲ? 192.168 ಎಂದು ಶುರುವಾಗುವ ವಿಳಾಸ ಕೇರಿಯೊಳಗಿನ ಅಡ್ಡಹೆಸರಿನ ಹಾಗೆ. ‘ಮೂಲೆಮನೆ’ ಅಂದರೆ ಕೇರಿಯವರಿಗೆ ಗೊತ್ತು, ಹನೂರಿನಲ್ಲಿ ನಿಂತು ಕೇಳಿದರೆ ಅಲ್ಲಿಯ ಮೂಲೆಮನೆಯನ್ನು ತೋರಿಸುತ್ತಾರೆ. ಇದಕ್ಕೆ ರೂಟರಿನಲ್ಲಿ 445ನೇ ಬಾಗಿಲನ್ನು ಇಂಟರ್‌ನೆಟ್ಟಿಗೆ ತೆರೆದುಬಿಡುವ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ವಾನಾಕ್ರೈ ತಟ್ಟಿದ್ದು ಅದೇ ಬಾಗಿಲನ್ನು. ಎರಡೂ ಕಡೆಯ ರೂಟರುಗಳ ನಡುವೆ ವಿಪಿಎನ್ ಹಾಕಿಸಿ; ಕಷ್ಟವಾದರೆ ಗೂಗಲ್ ಡ್ರೈವೋ ಒನ್‌ಡ್ರೈವೋ ಇದ್ದೇ ಇದೆ. ಸದ್ಯಕ್ಕೆ ಎಲ್ಲರೂ ಮಾಡುತ್ತಿರುವುದು ವಾಟ್ಸಾಪಿನಲ್ಲಿ ತಮಗೆ ತಾವೇ ಕಳಿಸಿಕೊಳ್ಳುವುದು, ಅದನ್ನು ನಾನೂ ಮಾಡುತ್ತೇನೆ.

ಕೊನೆಗೆ ಉಳಿಯುವುದು ಜೆರಾಕ್ಸ್ ಮೆಷೀನು. ಸ್ಕ್ಯಾನ್ ಮಾಡಿ ಫೋಲ್ಡರಿಗೆ ಕಳಿಸುವ ಹಳೆಯ ಯಂತ್ರಗಳ ಅಡ್ರೆಸ್ ಬುಕ್ಕಿನಲ್ಲಿ ‘ಅಂಗಡಿ’ ಖಾತೆಯ ಹೆಸರು, ಪಾಸ್‌ವರ್ಡ್ ತುಂಬಿದರೆ ಎಷ್ಟೋ ಮೆಷೀನುಗಳು ತೆಪ್ಪಗೆ ಕೆಲಸ ಮಾಡುತ್ತವೆ. ಕೆಲವಕ್ಕೆ ಕಂಪನಿಯ ಹೊಸ ಫರ್ಮ್‌ವೇರ್ ಬೇಕು. ಅದೂ ಇಲ್ಲದೆ ಎಸ್‌ಎಂಬಿ ಒಂದೇ ಗೊತ್ತು ಅನ್ನುವ ಮುದಿಯಂತ್ರವಾದರೆ, ಅದೊಂದಕ್ಕಾಗಿ ಇಡೀ ಅಂಗಡಿಯ ಬೀಗ ಕೀಳುವುದಕ್ಕಿಂತ ಸ್ಕ್ಯಾನನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಲೇಸು. ಎಕ್ಸ್‌ಪಿ ಇನ್ನೂ ಉಸಿರಾಡುತ್ತಿದ್ದರೆ ಅದರ ನೆಟ್‌ವರ್ಕ್ ತಂತಿ ಕಿತ್ತಿಡಿ.

ಇಷ್ಟೆಲ್ಲ ಸರಿಮಾಡಿದ ಮೇಲೂ ಒಂದು ದೂರು ಬರುತ್ತದೆ: ಬೆಳಿಗ್ಗೆಯೆಲ್ಲ ಚೆನ್ನಾಗಿರುತ್ತದೆ ಸಾ, ಮಧ್ಯಾಹ್ನ ಮೂರು ಗಂಟೆಗೆ ಹೊಂಟೋಗ್ತದ. ಇದಕ್ಕೆ ಎಸ್‌ಎಂಬಿ, ಎಸ್‌ಐಡಿ ಏನೂ ಕಾರಣವಲ್ಲ. ಫೋಲ್ಡರ್ ಇರುವ ಯಂತ್ರದ ಮುಂದೆ ಕೂರುವವರು ಊಟಕ್ಕೆ ಹೋಗಿರುತ್ತಾರೆ, ಯಂತ್ರ ನಿದ್ದೆ ಹೋಗಿರುತ್ತದೆ. ಪವರ್ ಸೆಟ್ಟಿಂಗಿನಲ್ಲಿ ‘ಸ್ಲೀಪ್’ ಅನ್ನು ‘ನೆವರ್’ ಮಾಡಿ.